ಹೂವಿನ ಹಿಂದೆ ಹಸಿ ಗರಿ

ಆಗ ನನಗೆ ಅರವತ್ತೆರಡೋ ಅರವತ್ತಮೂರೋ. ನಾವು ಹುಟ್ಟಿದ ದಿನವನ್ನು ಬರೆದಿಟ್ಟವರಿಲ್ಲ, ರೇಷನ್ ಕಾರ್ಡಿನವನು ಮುಖ ನೋಡಿ ಹಾಕಿದ್ದೇ ವಯಸ್ಸು. ಈ ಮಾತಿಗೆ ಈಗ ಹದಿನೈದು ಹದಿನಾರು ವರ್ಷ ಆಗಿರಬೇಕು. ಊರಿಗೆಲ್ಲ ಮೊಬೈಲು ಬಂದಿತ್ತು, ಆದರೆ ಅದರಲ್ಲಿ ಮಾತಾಡುವುದು ಬಿಟ್ಟು ಬೇರೇನೂ ಮಾಡಲು ನಮಗೆ ಬರುತ್ತಿರಲಿಲ್ಲ.

ನಮ್ಮದು ತಿಪಟೂರಿನಿಂದ ನೊಣವಿನಕೆರೆ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಊರು. ರಸ್ತೆಗೇ ಮುಖ ಮಾಡಿದ ಮನೆ, ಹಿಂದೆ ತೋಟ. ಇದ್ದವರು ನಾಲ್ಕು ಜನ: ನಾನು, ನಮ್ಮ ಯಜಮಾನರು, ಮಗ, ಸೊಸೆ. ಮಗ ಗೂಡ್ಸ್ ಆಟೋದಲ್ಲಿ ಕೊಬ್ಬರಿ ಮೂಟೆ ಹೇರಿಕೊಂಡು ತಿಪಟೂರಿಗೆ ಓಡಾಡುತ್ತಿದ್ದ. ಸೊಸೆ ಶಿರಾದ ಆಚೆ ಕಡಲೆಕಾಯಿ ಸೀಮೆಯವಳು. ಮದುವೆಯಾಗಿ ಬಂದ ಹೊಸದರಲ್ಲಿ ತೋಟದೊಳಗೆ ನಡೆಯುವಾಗ ತಲೆಯ ಮೇಲೆ ಕೈ ಇಟ್ಟುಕೊಂಡು ನಡೆಯುತ್ತಿದ್ದಳು. ಕಾಯಿ ಬಿದ್ದರೆ ಕೈ ಏನು ಮಾಡೀತು? ತಲೆಯ ಜೊತೆಗೆ ಕೈಯೂ ಹೋಗುತ್ತದೆ, ಅಷ್ಟೇ. ಹಾಗಂತ ಹೇಳಿದೆ. ಅವತ್ತಿನಿಂದ ಕೈ ಇಳಿಸಿದಳು, ಆದರೆ ಓಡಿಕೊಂಡು ಹೋಗುತ್ತಿದ್ದಳು.

ತೆಂಗಿನ ಹೊಂಬಾಳೆ ಬಿರಿದ ಮೇಲೆ ಅದರ ಹೊದಿಕೆ ಒಣಗಿ ಕೆಳಗೆ ಬೀಳುತ್ತದೆ. ನೋಡಲು ದೋಣಿಯ ಹಾಗಿರುತ್ತದೆ. ನಮಗೆ ಅದು ನೀರೊಲೆಯ ಸೌದೆ, ಬೇರೇನಲ್ಲ. ಈ ಹುಡುಗಿ ನಾನು ಬಚ್ಚಲ ಪಕ್ಕ ಪೇರಿಸಿಟ್ಟಿದ್ದ ಸೌದೆಯಲ್ಲಿ ಒಳ್ಳೊಳ್ಳೆಯದನ್ನು ಆರಿಸಿ ತೆಗೆದು, ತೊಳೆದು, ಕೊಬ್ಬರಿ ಎಣ್ಣೆ ಸವರಿ, ಅದರೊಳಗೆ ನೆನೆಸಿದ ನಾರು ತುಂಬಿ ಹೂವು ಚುಚ್ಚತೊಡಗಿದಳು. ಹಳದಿ ಸೇವಂತಿಗೆ, ಕನಕಾಂಬರ, ನಡುವೆ ತುಳಸಿಯ ಕದಿರು, ಅಂಚಿಗೆ ಮರುಗ. ಹೂವು ದೋಣಿ ಹತ್ತಿ ಎಲ್ಲಿಗೋ ಹೊರಟ ಹಾಗೆ ಕಾಣುತ್ತಿತ್ತು. ಚೆನ್ನಾಗಿದೆ ಅಂತ ನಾನು ಹೇಳಲಿಲ್ಲ. ಹೇಳಿದರೆ ಸೌದೆಯೆಲ್ಲ ಹೋಗುತ್ತಿತ್ತು.

“ಸೌದೆಗೆ ಹೂ ಮುಡಿಸ್ತಾ ಇದೀಯಲ್ಲೇ. ನಾಳೆ ಬೆರಣಿಗೆ ಬಳೆ ತೊಡಿಸ್ತೀಯೇನೋ” ಅಂದೆ.

“ನಿಮ್ಮ ಬೆರಣಿಗೆ ಯಾವ ಸೈಜು ಆಗುತ್ತೆ ಹೇಳಿ ಅತ್ತೆ, ತರಿಸ್ತೀನಿ” ಅಂದಳು.

ಬಾಯಿಗೆ ಬಾಯಿ ಕೊಡುವ ಸೊಸೆ. ನನಗೆ ಅಂಥವಳೇ ಬೇಕಾಗಿತ್ತು, ಮೂಗಿಯ ಜೊತೆ ಸಂಸಾರ ಮಾಡಲು ನನ್ನ ಕೈಲಾಗುವುದಿಲ್ಲ.

ಯಾರದೋ ಮನೆಯ ನಾಮಕರಣಕ್ಕೆ ಬಾಗಿಲ ಎರಡೂ ಕಡೆ ಅವಳು ಈ ದೋಣಿಗಳನ್ನು ಇಟ್ಟಳು. ಅದನ್ನು ನೋಡಿದ ಬೆಂಗಳೂರಿನ ನೆಂಟರೊಬ್ಬರು, ಇಂಟರ್‌ನೆಟ್ಟಿನಲ್ಲಿ ಮದುವೆ ಅಲಂಕಾರದ ಅಂಗಡಿ ಇಟ್ಟ ಹೆಂಗಸೊಬ್ಬಳು ತಮಗೆ ಗೊತ್ತು ಅಂದರು. ಅಂಗಡಿ ಅಂದರೆ ಮಳಿಗೆ ಇಲ್ಲ, ಬಾಗಿಲಿಲ್ಲ. ಬರೀ ಫೋಟೋ. ಫೋಟೋ ನೋಡಿ ಜನ ಬೇಕು ಅನ್ನುತ್ತಾರೆ, ಅಂದ ಮೇಲೆ ಇಲ್ಲಿಂದ ಬೆಳಗಿನ ರೈಲಿಗೆ ಹೂವು ಕಳಿಸಬೇಕು. ನಾನು ಎರಡು ಸಲ ಕೇಳಿ ತಿಳಿದುಕೊಂಡೆ. ಮೂಸಿ ನೋಡದೆ ಹೂವು ಕೊಳ್ಳುವವರು ಇದ್ದಾರೆ ಅನ್ನುವುದು ನನಗೆ ಅವತ್ತು ಹೊಸ ವಿಷಯ.

ಇದೇ ಹೊತ್ತಿಗೆ ಮಗ ಬೇರೊಂದು ಲೆಕ್ಕ ಹಾಕಿದ್ದ. ತುಮಕೂರು ರಸ್ತೆಯಲ್ಲಿ ಗಾರ್ಮೆಂಟ್ಸ್ ಶುರುವಾಗಿತ್ತು. ಬೆಳಗಿನ ಜಾವವೇ ವ್ಯಾನು ಊರೂರಿಗೆ ಬಂದು ಹೆಂಗಸರನ್ನು ತುಂಬಿಕೊಂಡು ಹೋಗಿ ಕತ್ತಲಾದ ಮೇಲೆ ತಂದು ಬಿಡುತ್ತಿತ್ತು. ತಿಂಗಳ ಸಂಬಳ ಅಂತ ಒಂದು ಇರಲಿ ಅಂತ ಅವನು ಇವಳ ಹೆಸರು ಬರೆಸಿಬಿಟ್ಟಿದ್ದ. ಇವಳಿಗೆ ಅದು ಸುತರಾಂ ಇಷ್ಟವಿಲ್ಲ. ದಿನವಿಡೀ ಮಿಷನ್ ಮುಂದೆ ಕೂತು ಒಂದೇ ಕಾಲರು ಹೊಲಿಯುವುದಕ್ಕಿಂತ ಮನೆಯಲ್ಲಿ ಕೂತು ಹೂವು ಕಟ್ಟುತ್ತೇನೆ, ಅದೂ ದುಡಿಮೆಯೇ ಅಂತ ಅವಳ ವಾದ. ಗಂಡ ಹೆಂಡತಿ ಜಗಳವಾಡಿ ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಬೆಂಗಳೂರಿನಾಕೆ ಫೋಟೋ ಒಪ್ಪಿದರೆ ಹೂವು. ಇಲ್ಲದಿದ್ದರೆ ಸೋಮವಾರ ವ್ಯಾನು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನು ಮಗನ ಕಡೆಯೇ ಹೇಳುತ್ತಿದ್ದೆ, ಸೌದೆ ಉಳಿಯುತ್ತಿತ್ತು.

ಮೊದಲನೆಯ ಫೋಟೋ ತೆಗೆಸಲು ದೋಣಿಗಳನ್ನು ಆಟೋದಲ್ಲಿಟ್ಟುಕೊಂಡು ತಿಪಟೂರಿನ ಸ್ಟುಡಿಯೋಗೆ ಹೋದೆವು. ಹೂವು ಅಲುಗಬಾರದು ಅಂತ ನನ್ನನ್ನು ಹಿಂದೆ ಕೂರಿಸಿದ್ದರು. ಸ್ಟುಡಿಯೋದವನು ಮಗನ ಸ್ನೇಹಿತ. ಅವನ ಹತ್ತಿರ ಬಣ್ಣ ಬಳಿದ ಪರದೆಗಳಿದ್ದವು: ಒಂದರಲ್ಲಿ ಜಲಪಾತ, ಒಂದರಲ್ಲಿ ತಾಜ್ ಮಹಲು, ಇನ್ನೊಂದರಲ್ಲಿ ಮಹಡಿ ಮೆಟ್ಟಿಲು. ಮದುವೆಯಾದ ಜೋಡಿಗೆ ತಾಜ್ ಮಹಲು, ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಮೆಟ್ಟಿಲು, ಹೂವಿಗೆ ಜಲಪಾತವೇ ಸರಿ ಅಂತ ಅವನೇ ತೀರ್ಮಾನ ಮಾಡಿದ. ಫೋಟೋದಲ್ಲಿ ನಮ್ಮ ನೀರೊಲೆಯ ಸೌದೆ ದೊಡ್ಡ ಹೊಳೆಗೆ ಬಿದ್ದು ಕೊಚ್ಚಿಕೊಂಡು ಹೋಗುತ್ತಿರುವ ಹಾಗೆ ಕಂಡಿತು. ಬೆಂಗಳೂರಿನಾಕೆ ಮಗನ ಮೊಬೈಲಿಗೆ ಫೋನು ಮಾಡಿ, ಹೂವು ಚೆನ್ನಾಗಿದೆ, ಆದರೆ ಹಿಂದೆ ಇರುವುದು ಹೂವನ್ನೇ ನುಂಗುತ್ತಿದೆ, ನಿಮ್ಮ ಕಡೆಯದೇ ಏನಾದರೂ ಸಾದಾ ಆಗಿರುವುದನ್ನು ಹಿಂದೆ ಹಾಕಿ ಇನ್ನೊಂದು ಸಲ ಕಳಿಸಿ ಅಂದಳಂತೆ.

ಇನ್ನೊಂದು ಸಲ ಅಂದರೆ ಅದೇ ಕೊನೆಯ ಸಲ. ಸ್ಟುಡಿಯೋದವನು ಭಾನುವಾರ ಬೆಳಿಗ್ಗೆ ಕ್ಯಾಮೆರಾವನ್ನೇ ಕೊಡುತ್ತೇನೆ, ಮಧ್ಯಾಹ್ನ ನನಗೆ ಒಂದು ಸೀಮಂತ ಇದೆ, ಅಷ್ಟರೊಳಗೆ ತಂದುಕೊಡಿ ಅಂದ.

ಆ ವಾರವಿಡೀ ನಮ್ಮ ಮನೆಯಲ್ಲಿ ಗೋಡೆ ನೋಡುವುದೇ ಕೆಲಸ. ಸೊಸೆ ಒಂದು ದೋಣಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡು ಕೈ ಬೆರಳು ಚೌಕ ಮಾಡಿ ಒಂದು ಕಣ್ಣು ಮುಚ್ಚಿ ಮನೆಯೆಲ್ಲ ಸುತ್ತುತ್ತಿದ್ದಳು. ನೀಲಿ ಬಳಿದ ಗೋಡೆ ನೋಡಿದಳು. ಅಲ್ಲಿ ಮೊಳೆ ಹೊಡೆದ ತೂತುಗಳಿದ್ದವು. ಹೊಸದಾಗಿ ಸಿಮೆಂಟು ಹಾಕಿಸಿದ ಕೊಟ್ಟಿಗೆಯ ಗೋಡೆ ನೋಡಿದಳು. ಅಲ್ಲಿ ಎಮ್ಮೆ ಮೈ ಉಜ್ಜಿ ಉಜ್ಜಿ ಹೊಳಪು ಬರಿಸಿತ್ತು. ನನ್ನ ಮದುವೆಯ ಸೀರೆ ಪೆಟ್ಟಿಗೆಯಿಂದ ತೆಗೆಸಿದಳು. ಅದರ ಮುಂದೆ ಹೂವಿಟ್ಟರೆ ಸೀರೆ ಮಾರುವವರ ಫೋಟೋದ ಹಾಗಿತ್ತು. ಯಜಮಾನರ ಕಂಬಳಿ ಇಳಿಬಿಟ್ಟಳು. ಕಪ್ಪು ಚೆನ್ನಾಗಿತ್ತು, ಹೂವು ಎದ್ದು ಕಾಣುತ್ತಿತ್ತು, ನಾನೂ ಒಪ್ಪಿದೆ. ಆದರೆ ಅವರು ರಾತ್ರಿ ಅದನ್ನು ಹೊದ್ದುಕೊಳ್ಳಬೇಕು ಅಂತ ಕಿತ್ತುಕೊಂಡು ಹೋದರು. ಭಾನುವಾರವೂ ಕೊಡಲಿಲ್ಲ. ಅಮ್ಮಸಂದ್ರದ ತಂಗಿಯ ಮನೆಗೆ ಶನಿವಾರವೇ ಹೊರಟವರು ಕಂಬಳಿಯನ್ನೂ ಹೆಗಲಿಗೆ ಹಾಕಿಕೊಂಡೇ ಹೋದರು. ತಂಗಿಯ ಮನೆಯಲ್ಲಿ ಹೊದಿಕೆ ಇರುವುದಿಲ್ಲವೇ? ಹಟ, ಬೇರೇನಲ್ಲ.

ಕೊನೆಗೆ ಬಿಳಿ ಪಂಚೆ ಹಿಡಿದುಕೊಂಡು ಬಂದಳು. ಬಿಳಿ ಬಟ್ಟೆ, ಅದರ ಮೇಲೆ ಸೇವಂತಿಗೆ.

“ಹೆಣ ಎಲ್ಲಿ?” ಅಂದೆ.

ಪಂಚೆ ಮಡಿಸಿ ಒಳಗಿಟ್ಟಳು.

ಶನಿವಾರ ರಾತ್ರಿ ಜೋರು ಗಾಳಿ ಬೀಸಿ, ಮನೆ ಹಿಂದಿನ ಮರದ ಒಂದು ಹಸಿ ಗರಿ ಬುಡಸಮೇತ ಮುರಿದು ಬಿದ್ದಿತ್ತು. ಬೆಳಿಗ್ಗೆ ಸೊಸೆ ಅದನ್ನು ನೋಡಿ ನಿಂತುಬಿಟ್ಟಳು. ಇದನ್ನು ಚಾಪೆಯ ಹಾಗೆ ಹೆಣೆದುಕೊಡಿ ಅತ್ತೆ, ಹೂವನ್ನು ಅದರ ಮೇಲಿಟ್ಟು ಮೇಲಿಂದ ಫೋಟೋ ತೆಗೆದರೆ ಹೇಗಿರುತ್ತೆ ಅಂದಳು. ನಿಮ್ಮ ಕಡೆಯದೇ ಸಾದಾ ವಸ್ತು ಅಂದರೆ ಇದೇ ಅಲ್ಲವೇ ಅನ್ನುವುದು ಅವಳ ಮಾತು.

ತಪ್ಪು ಅವಳದಲ್ಲ, ಕಡಲೆಕಾಯಿ ಸೀಮೆಯವಳಿಗೆ ಗೊತ್ತಿರುವುದಿಲ್ಲ. ಒಣಗರಿಯನ್ನು ನೆನೆಸಿ ನಾವು ಬೇಕಾದಷ್ಟು ಹೆಣೆಯುತ್ತೇವೆ, ಕೊಟ್ಟಿಗೆಗೆ ಹೊದಿಸುತ್ತೇವೆ. ಹಸಿ ಗರಿ ಹೆಣೆಯುವುದು ಮಾತ್ರ ಎರಡಕ್ಕೇ: ಮದುವೆಯ ಚಪ್ಪರಕ್ಕೆ, ಇಲ್ಲ ಚಟ್ಟಕ್ಕೆ. ಹೆಣೆದು ನೆಲದ ಮೇಲೆ ಹಾಸಿದರೆ ಅದು ಚಟ್ಟಕ್ಕೇ, ಕೇಳುವಂತಿಲ್ಲ. ಅದನ್ನು ಅವಳಿಗೆ ಹಾಗೇ ಹೇಳಿದೆ. ಅವಳು, “ಬೆಂಗಳೂರಿನೋರಿಗೆ ಅದು ಗೊತ್ತಿರುತ್ತಾ ಅತ್ತೆ?” ಅಂದಳು. ಗೊತ್ತಿರಲಾರದು ಅನ್ನಿಸಿತು. ಮಧ್ಯಾಹ್ನದೊಳಗೆ ಕ್ಯಾಮೆರಾ ಹೋಗಬೇಕು, ಬೇರೆ ದಾರಿ ಕಾಣಲಿಲ್ಲ. ಒಂದು ಗಳಿಗೆಯ ಕೆಲಸ, ಯಾರು ನೋಡುತ್ತಾರೆ ಅಂತ ಒಪ್ಪಿದೆ.

ಮನೆ ಹಿಂದೆ ಕೂತರೆ ಮರಗಳ ನೆರಳು, ಬೆಳಕು ಸಾಲದು ಅಂದಳು. ಹಾಗಾಗಿ ಮುಂದಿನ ಅಂಗಳಕ್ಕೆ ಬಂದೆವು. ಅವತ್ತು ಭಾನುವಾರ, ನಾನು ಬೆಳಿಗ್ಗೆಯೇ ತಲೆಗೆ ಎರೆದುಕೊಂಡಿದ್ದೆ. ಕೂದಲು ಒಣಗಲಿ ಅಂತ ಬೆನ್ನ ಮೇಲೆ ಹರಡಿಕೊಂಡು, ರಸ್ತೆಗೆ ಎದುರಾಗಿ ಕಾಲು ಚಾಚಿ ಕೂತು ತಲೆ ತಗ್ಗಿಸಿ ಗರಿ ಹೆಣೆಯತೊಡಗಿದೆ. ಪಕ್ಕದಲ್ಲಿ ಹೂವಿನ ರಾಶಿ. ಸೊಸೆ ಒಳಗೆ ದೋಣಿಗೆ ಎಣ್ಣೆ ಸವರುತ್ತಿದ್ದಳು, ಮಗ ಕ್ಯಾಮೆರಾ ತರಲು ತಿಪಟೂರಿಗೆ ಹೋಗಿದ್ದ.

ಡೇರಿಗೆ ಹಾಲು ಹಾಕಲು ಹೋಗುತ್ತಿದ್ದ ಒಬ್ಬ ಸೈಕಲ್ಲಿನಿಂದ ಕಾಲು ಕೆಳಗಿಟ್ಟು ನಿಂತು ನನ್ನನ್ನು ನೋಡಿದ. ತಲೆ ಅಲ್ಲಾಡಿಸಿ ಮುಂದೆ ಹೋದ. ಇವನಿಗೇನಾಯಿತು ಅಂದುಕೊಂಡೆ. ಅವನು ನೋಡಿದ್ದು ಏನು ಅಂತ ನನಗೆ ಆಮೇಲೆ ಹೊಳೆಯಿತು. ಕೂದಲು ಬಿಚ್ಚಿಕೊಂಡ ಮುದುಕಿ, ಹಸಿ ಗರಿ, ಹೂವಿನ ರಾಶಿ, ಗಂಡ ಎಲ್ಲೂ ಕಾಣುತ್ತಿಲ್ಲ. ಬೆಳಗಿನ ಹೊತ್ತು ಡೇರಿಯಲ್ಲಿ ಊರೆಲ್ಲ ಇರುತ್ತದೆ. ಅಲ್ಲಿ ಒಂದು ಮಾತು ಬಿದ್ದರೆ ಹಾಲಿನ ಲಾರಿ ಹೊರಡುವ ಮೊದಲೇ ಮನೆಮನೆಗೆ ಮುಟ್ಟುತ್ತದೆ.

ಗರಿ ಹೆಣೆದು ಮುಗಿಸಿ ನೆಲದ ಮೇಲೆ ಹಾಸಿ, ಕೈ ಕೊಡವಿಕೊಂಡು ಏಳುವಷ್ಟರಲ್ಲಿ ಎದುರು ಮನೆಯಾಕೆ ಓಡಿಬಂದು ನನ್ನ ಕುತ್ತಿಗೆಗೆ ಬಿದ್ದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ನನ್ನನ್ನು ಅಕ್ಕ ಅನ್ನುತ್ತಾಳೆ, ನಮ್ಮ ಯಜಮಾನರನ್ನು ಭಾವ ಅನ್ನುತ್ತಾಳೆ. ಬಿದ್ದವಳೇ ಹಾಡಿಕೊಂಡು ಅಳಲು ಶುರುಮಾಡಿದಳು. ಬಂಗಾರದಂಥ ಭಾವ, ಇರುವೆ ತುಳಿದವರಲ್ಲ, ಒಂದು ದಿನ ಗದರಿದವರಲ್ಲ, ಕೇಳಿದವರಿಗೆ ಇಲ್ಲ ಅಂದವರಲ್ಲ. ನಾನು ಅವಳ ತೋಳಿನೊಳಗೆ ಸಿಕ್ಕಿಕೊಂಡು ಅದನ್ನೆಲ್ಲ ಕೇಳಿಸಿಕೊಂಡೆ. ಹಿಂದಿನ ವಾರವಷ್ಟೇ ಅವಳ ಮೇಕೆ ನಮ್ಮ ಬೇಲಿ ನುಗ್ಗಿದ್ದಕ್ಕೆ ಇದೇ ಭಾವ ಇರುವೆಯನ್ನೇನು, ಅವಳ ಏಳು ತಲೆಮಾರನ್ನೇ ತುಳಿದಿದ್ದರು. ಅವಳೂ ಬಿಟ್ಟಿರಲಿಲ್ಲ, ನಿಮ್ಮ ಬಾಯಿಗೆ ಮಣ್ಣು ಬೀಳ ಅಂದಿದ್ದಳು. ಈಗ ನೋಡಿದರೆ ಬಂಗಾರ. ನಮ್ಮ ಯಜಮಾನರ ಬಗ್ಗೆ ಅಷ್ಟು ಒಳ್ಳೆಯ ಮಾತು ನಾನು ನಲವತ್ತು ವರ್ಷದಲ್ಲಿ ಕೇಳಿರಲಿಲ್ಲ. ಸುಳ್ಳಾದರೂ ಕೇಳಲು ಚೆನ್ನಾಗಿತ್ತು, ಅದಕ್ಕೇ ತಕ್ಷಣ ತಡೆಯಲಿಲ್ಲ.

ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಹೇಳಿದೆ, “ನಿಮ್ಮ ಭಾವ ಅಮ್ಮಸಂದ್ರಕ್ಕೆ ಹೋಗವ್ರೆ ಕಣೇ. ಸಂಜೆ ಬಸ್ಸಿಗೆ ಬತ್ತಾರೆ.”

ಅಳು ಅಲ್ಲಿಗೇ ನಿಂತಿತು. ಅಷ್ಟು ಹೊತ್ತಿಗೆ ಅಂಗಳದ ತುಂಬ ಜನ. ಒಬ್ಬ ಹಾರ ತಂದಿದ್ದ. ಇಬ್ಬರು ಗಂಡಸರು ಬಿದಿರು ಗಳ, ಹಗ್ಗ, ಮಚ್ಚು ಹಿಡಿದುಕೊಂಡು ಬಂದಿದ್ದರು. ಇಂಥ ಕೆಲಸಕ್ಕೆ ನಮ್ಮೂರಿನಲ್ಲಿ ಯಾರನ್ನೂ ಕರೆಯಬೇಕಾಗಿಲ್ಲ, ತಾವೇ ಬರುತ್ತಾರೆ. ಒಳ್ಳೆಯ ಗುಣವೇ. ಬದುಕಿರುವಾಗ ಒಂದು ಮೂಟೆ ಎತ್ತಿಕೊಡಿ ಅಂದರೆ ಮಾತ್ರ ಸೊಂಟ ನೋವು.

ಸೊಸೆ ಹೂವಿನ ದೋಣಿ ಹಿಡಿದುಕೊಂಡು ಹೊರಗೆ ಬಂದು ಬಾಗಿಲಲ್ಲೇ ನಿಂತುಬಿಟ್ಟಳು. ಫೋಟೋ ವಿಷಯ ನಾನೇ ಎಲ್ಲರಿಗೂ ಬಿಡಿಸಿ ಹೇಳಿದೆ. ಕೆಲವರು ನಕ್ಕರು. ಎದುರು ಮನೆಯಾಕೆ ನಗಲಿಲ್ಲ. ಅಷ್ಟು ಅತ್ತದ್ದು ದಂಡವಾಯಿತು ಅನ್ನುವ ಸಿಟ್ಟೂ ಇತ್ತು ಅನ್ನಿ. ಸಾವಿಲ್ಲದ ಮನೆ ಮುಂದೆ ಹಸಿ ಗರಿ ಹಾಸಬಾರದು, ಹಾಸಿದರೆ ಅದು ಒಬ್ಬರನ್ನು ಕೇಳುತ್ತದೆ, ಈಗಲೇ ಎತ್ತಿ ಊರಾಚೆ ಬಿಸಾಕಿ ಅಂತ ಪಟ್ಟು ಹಿಡಿದಳು. ಹಾರ ತಂದವನೂ ತಲೆ ಆಡಿಸಿದ. ಬಿದಿರು ತಂದವರೂ ಹೌದು ಅಂದರು.

ಅಷ್ಟರಲ್ಲಿ ಮಗ ಕ್ಯಾಮೆರಾ ತಗೊಂಡು ಬಂದ. ಜನ ನೋಡಿ ಅವನ ಮುಖ ಬಿಳಿಚಿಕೊಂಡಿತು. ವಿಷಯ ತಿಳಿದ ಮೇಲೆ ಕೆಂಪಗಾಯಿತು. ಸಾಕು ಮಾಡು, ಗರಿ ತೆಗಿ, ನಾಳೆ ವ್ಯಾನಿಗೆ ಹೋಗು ಅಂತ ಹೆಂಡತಿಗೆ ಎಲ್ಲರ ಮುಂದೆ ಹೇಳಿದ.

ಅವಳು ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ದೋಣಿಯನ್ನು ಜಗಲಿಯ ಮೇಲಿಟ್ಟು, ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ಎದುರು ಮನೆಯಾಕೆಯ ಹತ್ತಿರ ಬಂದಳು.

“ಚಿಕ್ಕತ್ತೆ, ಹಾಸಿದ್ರೆ ಅದು. ನಿಲ್ಲಿಸಿ ಕಟ್ಟಿದ್ರೆ?”

“ನಿಲ್ಲಿಸಿ ಕಟ್ಟಿದ್ರೆ ಚಪ್ಪರ ಕಣೇ.”

“ಚಪ್ಪರ ಅಪಶಕುನವಾ?”

“ಚಪ್ಪರ ಯಾಕೆ ಅಪಶಕುನವಾಯ್ತದೆ? ಬುಡ್ತು ಅನ್ನು.”

“ಹಾಗಾದ್ರೆ ಚಪ್ಪರ ಹಾಕಿಕೊಡಿ. ಬಿದಿರೂ ಬಂದಿದೆ, ಹಗ್ಗವೂ ಬಂದಿದೆ.”

ಎದುರು ಮನೆಯಾಕೆ ಬಾಯಿ ತೆರೆದಳು, ಮುಚ್ಚಿದಳು. ಅವಳ ಮಾತನ್ನು ಅವಳೇ ತಿರುಗಿಸುವ ಹಾಗಿರಲಿಲ್ಲ. ಎಷ್ಟೋ ವರ್ಷದಿಂದ ನಾನು ಅವಳ ಬಾಯಿ ಮುಚ್ಚಿಸಲು ನೋಡಿ ಸೋತಿದ್ದೆ. ನನಗೂ ಅದು ಹೊಳೆದಿರಲಿಲ್ಲ ಅನ್ನುವುದೂ ಹೌದು. ಹಸಿ ಗರಿ ನೆಲದ ಮೇಲೆ ಅಂದ ಕೂಡಲೇ ನಮಗೆಲ್ಲ ಬುದ್ಧಿ ಅಲ್ಲೇ ಮಲಗಿಬಿಡುತ್ತದೆ.

ಚಟ್ಟ ಕಟ್ಟಲು ಬಂದಿದ್ದ ಇಬ್ಬರೂ ಬಿದಿರು ಗಳ ನೆಟ್ಟು, ಗರಿಯನ್ನು ಎತ್ತಿ ನಿಲ್ಲಿಸಿ ಕಟ್ಟಿದರು. ಕೆಲಸ ಗಟ್ಟಿ, ಅವರು ಯಾವ ಕಟ್ಟನ್ನೂ ಸಡಿಲ ಕಟ್ಟುವವರಲ್ಲ. ಸೊಸೆ ಅದರ ಮುಂದೆ ಒಂದು ಮಣೆ ಹಾಕಿ ಹೂವಿನ ದೋಣಿ ಇಟ್ಟಳು. ಬಿಸಿಲು ಪಕ್ಕದಿಂದ ಬಂದು ಗರಿಯ ಹೆಣಿಗೆಯ ಮೇಲೆ ಬಿತ್ತು. ಹಸಿರು ಹಿಂದಕ್ಕೆ ಸರಿದು ಸೇವಂತಿಗೆ ಮುಂದಕ್ಕೆ ಬಂತು. ಹಾಗೆ ಆಗುತ್ತದೆ ಅಂತ ನಾನು ತಿಳಿದಿರಲಿಲ್ಲ. ಎಲ್ಲರೂ ನಿಂತು ನೋಡಿದರು. ಮಗನೂ ನೋಡಿದ, ಆಮೇಲೆ ತಾನೇ ಕ್ಯಾಮೆರಾ ತೆಗೆದು ಮಂಡಿಯೂರಿ ಕೂತ.

ಎದುರು ಮನೆಯಾಕೆ ಸುಮ್ಮನಿರಲಾರದೆ ಕನಕಾಂಬರ ಸ್ವಲ್ಪ ಈ ಕಡೆ ಬಾಗಿದೆ ನೋಡು ಅಂತ ಹೋಗಿ ಸರಿಮಾಡಿದಳು. ಚಪ್ಪರವಂತೂ ಆಯ್ತು, ಮದುವೆ ಯಾರದು ಅಂತ ಹಾರ ತಂದವನು ಕೇಳಿದ. ನಿನ್ನದೇ ಕಣಪ್ಪ, ಹಾರ ನಿನ್ನ ಕೈಲೇ ಇದೆಯಲ್ಲ ಅಂದೆ. ಸಾವಿಗೆ ತಂದ ಹಾರವನ್ನು ಮನೆಗೆ ವಾಪಸ್ಸು ಒಯ್ಯುವಂತಿಲ್ಲ. ಎಮ್ಮೆಗೆ ಹಾಕಿದೆವು. ಬಂದವರಿಗೆಲ್ಲ ಕಾಫಿ ಕಾಸಿದೆ. ಸಾವಿನ ಮನೆಯಲ್ಲಿ ಕಾಫಿ ಸಿಗುವುದಿಲ್ಲ, ಅವರಿಗೆ ಅದು ಲಾಭ.

ಮಗ ಮಧ್ಯಾಹ್ನದೊಳಗೆ ಕ್ಯಾಮೆರಾ ವಾಪಸ್ಸು ಕೊಟ್ಟು, ಸೈಬರ್ ಸೆಂಟರಿಗೆ ಹೋಗಿ ಫೋಟೋ ಕಳಿಸಿ ಬಂದ.

ಸಂಜೆ ಯಜಮಾನರು ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಬಸ್ಸಿನಿಂದ ಇಳಿದರು. ದಾರಿಯಲ್ಲೇ ಯಾರೋ ಹೇಳಿದ್ದರು. ಮನೆಗೆ ಬಂದು ಕಾಲು ತೊಳೆದುಕೊಂಡು, ಯಾರು ಯಾರು ಬಂದಿದ್ದರು ಅಂತ ಕೇಳಿದರು. ಹೇಳಿದೆ. ಬೆರಳು ಮಡಿಸಿ ಎಣಿಸಿಕೊಂಡು, “ಮೇಗಲಮನೆಯೋನು ಬರ್ಲಿಲ್ವಾ?” ಅಂದರು. ಬರಲಿಲ್ಲ ಅಂದೆ. ಅವತ್ತಿನಿಂದ, ಚಿಕ್ಕಂದಿನಿಂದ ಜೊತೆಗೇ ಓಡಾಡಿದ ಮೇಗಲಮನೆಯವನ ಜೊತೆ ಅವರು ಒಂದು ತಿಂಗಳು ಮಾತು ಬಿಟ್ಟರು. ಆ ಮನುಷ್ಯನಿಗೆ ಯಾಕೆ ಅಂತ ಗೊತ್ತಾಗಲೇ ಇಲ್ಲ.

ರಾತ್ರಿ ಊಟದವರೆಗೂ ಬೆಂಗಳೂರಿನಿಂದ ಫೋನು ಬರಲಿಲ್ಲ. ಬೆಂಗಳೂರಿನಾಕೆ ಒಪ್ಪಿದಳು ಅನ್ನುವುದು, ಅದೇ ಗರಿ ಹಿಂದೆ ಇರುವ ಹಾಗೆ ಇನ್ನಷ್ಟು ಫೋಟೋ ಬೇಕು ಅಂದಳು ಅನ್ನುವುದು ಆ ವಾರದ ಕೊನೆಗೆ ಗೊತ್ತಾಯಿತು. ಆದರೆ ಆ ಭಾನುವಾರ ನಮಗೆ ಅದು ಗೊತ್ತಿಲ್ಲವಲ್ಲ. ಸೊಸೆ ಮೊಬೈಲನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ಊಟ ಮಾಡಿದಳು. ಒಪ್ಪಂದ ಒಪ್ಪಂದವೇ ಅಂತ ಅವಳೇ ಹೇಳಿ, ಬೆಳಿಗ್ಗೆ ಬೇಗ ಏಳಬೇಕು ಅಂತ ಮಲಗಲು ಹೋದಳು.

ನಾನು ಮಲಗಿಕೊಂಡು ಯೋಚನೆ ಮಾಡಿದೆ. ಹೆಚ್ಚು ಹೊತ್ತೇನಲ್ಲ, ನನಗೆ ಯೋಚನೆ ಮಾಡಿದರೆ ನಿದ್ದೆ ಬೇಗ ಬರುತ್ತದೆ. ಅಷ್ಟು ಜನ ಎದುರು ನಿಂತಿರುವಾಗ ಚಟ್ಟವನ್ನು ಎತ್ತಿ ಚಪ್ಪರ ಮಾಡಿಸಿದವಳು ಯಾರದೋ ಷರ್ಟಿಗೆ ಕಾಲರು ಹೊಲಿಯುವುದು ನನಗೆ ಸರಿ ಕಾಣಲಿಲ್ಲ. ಕಾಲರು ಹೊಲಿಯುವವರು ಬೇರೆ ಸಿಗುತ್ತಾರೆ.

ಮಾರನೆಯ ಬೆಳಿಗ್ಗೆ ಇನ್ನೂ ಮಬ್ಬಿರುವಾಗಲೇ ವ್ಯಾನು ಬಂದು ನಿಂತು ಹಾರನ್ ಹೊಡೆಯಿತು. ನಾನು ಎದ್ದು ಹೋಗಿ ಡ್ರೈವರಿಗೆ, ಅವಳು ಬರಲ್ಲ ಕಣಪ್ಪ, ನೀನು ಹೊರಡು ಅಂದೆ. ಹೆಸರು ಬರೆಸಿದ್ದಾರಲ್ಲಜ್ಜಿ ಅಂದ. ಹೊಡೆದುಹಾಕು ಅಂದೆ. ಗೊಣಗಿಕೊಂಡು ಹೋದ. ತಿರುಗಿ ನೋಡಿದರೆ ಸೊಸೆ ತಲೆ ಬಾಚಿಕೊಂಡು, ಟಿಫನ್ ಡಬ್ಬಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಡಬ್ಬಿಯನ್ನು ಅವಳ ಕೈಯಿಂದ ತಗೊಂಡೆ, ಜಗಲಿಯ ಮೇಲೆ ಕೂತು ಅದರಲ್ಲಿದ್ದ ಚಿತ್ರಾನ್ನವನ್ನೆಲ್ಲ ತಿಂದೆ. ಉಪ್ಪು ಕಡಿಮೆಯಾಗಿತ್ತು. ಅದನ್ನೂ ಹೇಳಿದೆ.